ಕುದುರೆಮುಖ: ಎರಡು ಅಧಿಸೂಚನೆಗಳ ನಡುವಿನ ಹದಿನಾಲ್ಕು ವರ್ಷ

ಕುದುರೆಮುಖ ರಾಷ್ಟ್ರೀಯ ಉದ್ಯಾನವನ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಸರ್ಕಾರಿ ದಾಖಲೆಗಳಲ್ಲಿ ಎರಡು ಉತ್ತರ ಸಿಗುತ್ತವೆ. ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಸೇರಿದ ಸುಮಾರು 600 ಚದರ ಕಿಲೋಮೀಟರ್ ಮಲೆಕಾಡನ್ನು ರಾಷ್ಟ್ರೀಯ ಉದ್ಯಾನವನವನ್ನಾಗಿ ಮಾಡುವ ಉದ್ದೇಶವಿದೆ ಎಂದು ರಾಜ್ಯ ಸರ್ಕಾರ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 1987ರ ಸೆಪ್ಟೆಂಬರ್‌ನಲ್ಲಿ. ಅಂತಿಮ ಅಧಿಸೂಚನೆ ಬಂದದ್ದು 2001ರ ಜೂನ್‌ನಲ್ಲಿ. ನಡುವೆ ಹದಿನಾಲ್ಕು ವರ್ಷ ಸಂದವು. ಆ ಅವಧಿಯಲ್ಲಿ ನಾಗರಿಕರು ನಡೆಸಿದ ಹೋರಾಟ ಮುಂದೆ ಒಂದು ಬೃಹತ್ ಗಣಿಯನ್ನು ಮುಚ್ಚಿಸಿತು. ಕಾಡಿನೊಳಗೆ ತಲೆಮಾರುಗಳಿಂದ ಬದುಕಿದ್ದ ಕುಟುಂಬಗಳು ತಮ್ಮ ಮನೆ, ತೋಟ, ಹಾದಿಗಳ ಮೇಲೆ ತಮಗೆ ಏನು ಹಕ್ಕಿದೆ ಎಂಬುದು ತಿಳಿಯದೆ ಕಂಗಾಲಾದದ್ದೂ ಅದೇ ಅವಧಿಯಲ್ಲಿ. ಶರಾವತಿ ಕಣಿವೆಯಿಂದ ಸಂಡೂರಿನ ಬೆಟ್ಟಗಳವರೆಗೆ ಬೇರೆ ಬೇರೆ ಕಡೆ ಜನ ಮತ್ತೆ ದನಿ ಎತ್ತಿರುವ ಈ ದಿನಗಳಲ್ಲಿ ಆ ಹದಿನಾಲ್ಕು ವರ್ಷಗಳನ್ನು ಸಾವಧಾನವಾಗಿ ನೋಡುವುದು ಅಗತ್ಯ. ಬೆಟ್ಟವೊಂದನ್ನು ಉದ್ಯಾನವನ ಮಾಡಿ ಎಂದು ಕೇಳುವವರು ನಿಜವಾಗಿ ಏನನ್ನು ಕೇಳುತ್ತಿದ್ದಾರೆ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಈ ಬೇಡಿಕೆಯ ಮೂಲದಲ್ಲಿ ಇದ್ದದ್ದು ಸಿಂಗಳೀಕ. ಮುಖದ ಸುತ್ತ ಬೂದುಬಣ್ಣದ ಕೇಸರವಿರುವ ಈ ಕಪ್ಪು ಕೋತಿ ಪಶ್ಚಿಮಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ನೆಲಕ್ಕೆ ಇಳಿಯುವುದು ಅಪರೂಪವಾದ್ದರಿಂದ ಕೊಂಬೆಗೆ ಕೊಂಬೆ ತಾಗುವಂಥ ನಿತ್ಯಹರಿದ್ವರ್ಣದ ಕಾಡು ಅದಕ್ಕೆ ಬೇಕು. ವರ್ಷದ ಎಲ್ಲ ತಿಂಗಳೂ ಯಾವುದಾದರೊಂದು ಮರದಲ್ಲಿ ಹಣ್ಣು ಇರುವಷ್ಟು ವೈವಿಧ್ಯವೂ ಆ ಕಾಡಿಗೆ ಇರಬೇಕು. ಹೀಗಾಗಿ ಸಿಂಗಳೀಕ ನೆಲೆ ನಿಂತಿರುವ ಕಾಡು ಇನ್ನೂ ತುಂಡಾಗಿಲ್ಲ ಎಂದು ಸುಮಾರಾಗಿ ಹೇಳಬಹುದು. 1980ರ ದಶಕದ ಮೊದಲರ್ಧದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಮಳೆಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿ, ಕುದುರೆಮುಖ ಶ್ರೇಣಿಯ ಕಾಡುಗಳು ಅವುಗಳ ಉಳಿವಿಗೆ ಬಹುಮುಖ್ಯ ಎಂದು ತೋರಿಸಿದರು. ರಾಷ್ಟ್ರೀಯ ಉದ್ಯಾನವನದ ಪ್ರಸ್ತಾವ ಗಟ್ಟಿಯಾದದ್ದು ಆ ಅಧ್ಯಯನದ ಆಧಾರದ ಮೇಲೆ. ಕಾಡು ಚೆನ್ನಾಗಿದೆ, ಉಳಿಸಿ ಎಂದು ಕೇಳುವ ಮನವಿಗೂ, ಈ ಪ್ರಾಣಿ ಇಂತಿಂಥ ಕಡೆ ಇದೆ, ಇಷ್ಟು ಕಾಡು ಒಟ್ಟಾಗಿ ಉಳಿಯದಿದ್ದರೆ ಅದು ಬದುಕದು ಎಂದು ತೋರಿಸುವ ಮನವಿಗೂ ಸರ್ಕಾರದ ಮೇಜಿನ ಮೇಲೆ ಬಹಳ ವ್ಯತ್ಯಾಸವಿದೆ.

ಸಿಂಗಳೀಕದ ಜೊತೆಗೆ ನೀರಿನ ಮಾತೂ ಇತ್ತು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲ ಈ ಶ್ರೇಣಿಯಲ್ಲಿದೆ. ಇಲ್ಲಿನ ಕೆಲವು ಭಾಗಗಳಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಬೆಟ್ಟದ ನೆತ್ತಿಯಲ್ಲಿ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಶೋಲಾ ಎಂದು ಕರೆಯುವ ಕುಳ್ಳು ಮರಗಳ ದಟ್ಟ ಕಾಡು ಹೊಂದಿಕೊಂಡಿರುವ ಈ ರಚನೆ ಅಷ್ಟೂ ಮಳೆಯನ್ನು ಹಿಡಿದಿಟ್ಟುಕೊಂಡು ಬೇಸಿಗೆಯವರೆಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ದೂರದಿಂದ ಬೋಳುಗುಡ್ಡದಂತೆ ಕಾಣುವ ಹುಲ್ಲುಗಾವಲನ್ನು ಪಾಳುಭೂಮಿ ಎಂದು ತಿಳಿದು ನೆಡುತೋಪು ಬೆಳೆಸಲು ಹೊರಟ ಕಾಲವೂ ಮಲೆನಾಡಿನಲ್ಲಿ ಇತ್ತೆಂಬುದನ್ನು ನೆನೆದರೆ, ಹುಲ್ಲು ಮತ್ತು ಶೋಲಾ ಎರಡನ್ನೂ ಒಂದೇ ಗಡಿಯೊಳಗೆ ತಂದ ಆ ನಕ್ಷೆಯ ಮಹತ್ವ ಅರ್ಥವಾಗುತ್ತದೆ.

ಆದರೆ ಅದೇ ಹುಲ್ಲುಗಾವಲಿನ ಅಡಿಯಲ್ಲಿ ಮ್ಯಾಗ್ನಟೈಟ್ ಕಬ್ಬಿಣದ ಅದಿರಿತ್ತು. ಗಣಿ ಗುತ್ತಿಗೆ 1969ರ ಜುಲೈನಿಂದ 30 ವರ್ಷಗಳ ಅವಧಿಯದು, ವಿಸ್ತೀರ್ಣ ಸುಮಾರು 4,600 ಹೆಕ್ಟೇರ್. ಇರಾನಿನ ಷಾ ಸರ್ಕಾರದ ಹಣ ಮತ್ತು ಖರೀದಿಯ ಭರವಸೆಯನ್ನು ನಂಬಿಕೊಂಡು 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. 1979ರ ಇರಾನ್ ಕ್ರಾಂತಿಯ ಬಳಿಕ ಆ ಖರೀದಿದಾರನೇ ಇಲ್ಲವಾದರೂ ಗಣಿ ನಿಲ್ಲಲಿಲ್ಲ. ಅದಿರನ್ನು ಪುಡಿಮಾಡಿ ನೀರಿನೊಂದಿಗೆ ಬೆರೆಸಿ 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಘಟ್ಟ ಇಳಿಸಿ ಪಣಂಬೂರಿಗೆ ಹರಿಸಲಾಗುತ್ತಿತ್ತು. ಉಳಿದ ಕೆಸರನ್ನು ತಡೆದಿಡಲು ಲಖ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಮಳೆಗಾಲದಲ್ಲಿ ಅಗೆದ ಬೆಟ್ಟದಿಂದ ಇಳಿದ ಹೂಳು ಭದ್ರೆಯನ್ನು ಕೆಂಪಾಗಿಸುತ್ತಿದ್ದುದನ್ನು ಕೆಳದಂಡೆಯ ರೈತರು ಕಣ್ಣಾರೆ ಕಂಡಿದ್ದಾರೆ. ಹೀಗಿರುವಾಗ 1987ರಲ್ಲಿ ಉದ್ಯಾನವನದ ಪ್ರಾಥಮಿಕ ಅಧಿಸೂಚನೆ ಹೊರಬಿದ್ದರೂ ಗಣಿ ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು.

ಇಲ್ಲಿ ಕಾನೂನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಬಹುತೇಕ ಹೋರಾಟಗಳು ತೊಡರಿಕೊಳ್ಳುವುದು ಇಲ್ಲಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೆಯ ಕಲಂ ಪ್ರಕಾರ ರಾಜ್ಯ ಸರ್ಕಾರ ಮೊದಲು ತನ್ನ ಉದ್ದೇಶವನ್ನು ಪ್ರಕಟಿಸುತ್ತದೆ. ಆನಂತರ ಜಿಲ್ಲಾಧಿಕಾರಿ ಅಥವಾ ಅದಕ್ಕೆಂದು ನೇಮಕವಾದ ಅಧಿಕಾರಿ ಆ ಗಡಿಯೊಳಗೆ ಯಾರಿಗೆ ಏನು ಹಕ್ಕಿದೆ ಎಂದು ವಿಚಾರಣೆ ಮಾಡಿ, ಹಕ್ಕನ್ನು ಒಪ್ಪಬೇಕು ಇಲ್ಲವೇ ತಳ್ಳಿಹಾಕಬೇಕು. ಒಪ್ಪಿದ್ದಕ್ಕೆ ಪರಿಹಾರ ಕೊಟ್ಟು ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಬೇಕು, ಅಥವಾ ಆ ತುಂಡು ಭೂಮಿಯನ್ನು ಗಡಿಯಿಂದ ಹೊರಗಿಡಬೇಕು. ಎಲ್ಲ ಹಕ್ಕುಗಳೂ ಇತ್ಯರ್ಥವಾಗಿ ಸರ್ಕಾರಕ್ಕೆ ಸೇರಿದ ಮೇಲಷ್ಟೇ ಅಂತಿಮ ಅಧಿಸೂಚನೆ. ಅಭಯಾರಣ್ಯಕ್ಕೂ ರಾಷ್ಟ್ರೀಯ ಉದ್ಯಾನವನಕ್ಕೂ ಇರುವ ದೊಡ್ಡ ಅಂತರ ಈ ಹಂತದಲ್ಲಿದೆ. ಅಭಯಾರಣ್ಯದಲ್ಲಿ ಕೆಲವು ಹಕ್ಕುಗಳು ಹಾಗೆಯೇ ಮುಂದುವರಿಯಲಿ ಎಂದು ಜಿಲ್ಲಾಧಿಕಾರಿ ಅನುಮತಿ ಕೊಡಬಹುದು. ಉದ್ಯಾನವನದ ವಿಷಯದಲ್ಲಿ ಕಾಯ್ದೆ ಆ ಒಂದು ಉಪಕಲಮನ್ನು ಹೆಸರಿಟ್ಟು ಹೊರತುಪಡಿಸಿದೆ. ದನ ಮೇಯಿಸುವುದಕ್ಕೂ ಅಲ್ಲಿ ಅವಕಾಶವಿಲ್ಲ. ಅಂದರೆ, ಒಂದು ಬೆಟ್ಟವನ್ನು ರಾಷ್ಟ್ರೀಯ ಉದ್ಯಾನವನ ಮಾಡಿ ಎಂದು ಕೇಳಿದವರು, ಅರಿತೋ ಅರಿಯದೆಯೋ, ಅಲ್ಲಿರುವ ಪ್ರತಿಯೊಂದು ಮನುಷ್ಯ ಹಕ್ಕನ್ನೂ ಕೊನೆಗೊಳಿಸಿ ಎಂದು ಕೇಳಿದಂತೆಯೇ ಆಯಿತು.

ಇದನ್ನು ತಪ್ಪು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಕೆಲವು ಕಾಡುಗಳಿಗೆ ಅಷ್ಟು ಬಿಗಿಯಾದ ರಕ್ಷಣೆ ಬೇಕೇ ಬೇಕು. ಕುದುರೆಮುಖ ಅಂಥ ಕಾಡುಗಳಲ್ಲಿ ಒಂದು ಎಂಬ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಹಕ್ಕುಗಳ ವಿಚಾರಣೆಯನ್ನು ಸಾಧ್ಯವಾದಷ್ಟು ಮಟ್ಟಿಗೆ ಎರಡು ವರ್ಷದೊಳಗೆ ಮುಗಿಸಬೇಕು ಎಂದು 2002ರ ತಿದ್ದುಪಡಿ ಹೇಳುವಾಗ, ಅದಕ್ಕೂ ಮೊದಲು ಕುದುರೆಮುಖದಲ್ಲಿ ಕಳೆದುಹೋಗಿದ್ದ ಹದಿನಾಲ್ಕು ವರ್ಷಗಳ ಲೆಕ್ಕ ಯಾರು ಕೊಡಬೇಕು? ವಿಳಂಬ ಎಂದರೆ ಕಡತ ಮೇಜಿನಿಂದ ಮೇಜಿಗೆ ಹೋಗದೆ ನಿಂತದ್ದಷ್ಟೇ ಅಲ್ಲ. ಗಡಿಯೊಳಗಿನ ಹಳ್ಳಿಗೆ ರಸ್ತೆ ಮಾಡುವಂತಿಲ್ಲ, ವಿದ್ಯುತ್ ಕಂಬ ನೆಡುವಂತಿಲ್ಲ, ಕಾಲುಸಂಕವನ್ನು ಗಟ್ಟಿ ಸೇತುವೆ ಮಾಡಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅಧಿಸೂಚನೆ ಅಂತಿಮವಾಗಿಲ್ಲವಾದ್ದರಿಂದ ಪರಿಹಾರವೂ ಇಲ್ಲ. ಬಿಗಿ ಮೊದಲು ಬಂತು, ಇತ್ಯರ್ಥ ಬರಲೇ ಇಲ್ಲ. ಇತ್ತ ಗಣಿಯ ಯಂತ್ರಗಳು ಹಗಲಿರುಳು ಓಡುತ್ತಿದ್ದವು. ಸೀಗೆಕಾಯಿ, ರಾಮಪತ್ರೆ ಆಯಲು ಹೋದವನನ್ನು ತಡೆಯುವ ಕಾನೂನು ಬೆಟ್ಟವನ್ನೇ ಸೀಳುವವರನ್ನು ತಡೆಯುತ್ತಿಲ್ಲವಲ್ಲ ಎಂದು ಈ ಕಾಡಿನ ಬುಡಕಟ್ಟಿನವರಾದ ಮಲೆಕುಡಿಯರಿಗೆ ಅನ್ನಿಸಿದ್ದರೆ ಅದಕ್ಕೆ ಉತ್ತರ ಹೇಳುವುದು ಕಷ್ಟ.

ಗಣಿ ನಿಂತದ್ದು ಹೇಗೆ ಎಂಬುದು ನಾಗರಿಕ ಹೋರಾಟದ ದೃಷ್ಟಿಯಿಂದ ಅಭ್ಯಾಸಕ್ಕೆ ಯೋಗ್ಯವಾದ ಪ್ರಕರಣ. ಗುತ್ತಿಗೆ 1999ರ ಜುಲೈಗೆ ಮುಗಿದಿತ್ತು. ಕಂಪನಿ ಇನ್ನೂ 20 ವರ್ಷ ಕೇಳಿತು. ಕೇಂದ್ರ ಸರ್ಕಾರ ತಾತ್ಕಾಲಿಕ ಅನುಮತಿಗಳನ್ನು ಕೊಡುತ್ತಾ ಬಂದಿತು. 2001ರ ಅಂತಿಮ ಅಧಿಸೂಚನೆ ಬಂದಾಗ ಗಣಿ ಗುತ್ತಿಗೆಯ ಬಹುಭಾಗ ಅದರಿಂದ ಹೊರಗುಳಿದಿತ್ತು. ಇದೇ ಸಮಯದಲ್ಲಿ ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಹೆಸರಾಗಿದ್ದ ಕೆ.ಎಂ. ಚಿಣ್ಣಪ್ಪನವರು, ತಾವು ಟ್ರಸ್ಟಿಯಾಗಿದ್ದ ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಪರವಾಗಿ ಸುಪ್ರೀಂ ಕೋರ್ಟಿನ ಮೊರೆ ಹೋದರು. ಟಿ.ಎನ್. ಗೋದಾವರ್ಮನ್ ಪ್ರಕರಣದ ಅಡಿಯಲ್ಲಿ ದೇಶದ ಅರಣ್ಯಗಳ ಮೇಲೆ ನ್ಯಾಯಾಲಯ ಆಗಲೇ ನಿಗಾ ಇಟ್ಟಿದ್ದ ಕಾಲವದು. ಒಡೆದ ಪ್ರದೇಶದಲ್ಲಿ ಉಳಿದಿರುವ ಸಡಿಲ ಅದಿರು ಮುಗಿಯುವವರೆಗೆ, ಅಂದರೆ 2005ರ ಕೊನೆಯವರೆಗೆ ಮಾತ್ರ ಗಣಿಗಾರಿಕೆ ಇರಲಿ ಎಂದು ಕೇಂದ್ರದ ಅರಣ್ಯ ಸಲಹಾ ಸಮಿತಿ 2001ರ ಜುಲೈನಲ್ಲಿ ಶಿಫಾರಸು ಮಾಡಿತ್ತು. 2002ರ ಅಕ್ಟೋಬರ್ 30ರ ತೀರ್ಪಿನಲ್ಲಿ ನ್ಯಾಯಾಲಯ ಆ ಗಡುವನ್ನೇ ಎತ್ತಿಹಿಡಿಯಿತು. 2005ರ ಡಿಸೆಂಬರ್ 31ಕ್ಕೆ ಅಗೆತ ನಿಂತಿತು. ಕೇಂದ್ರ ಸರ್ಕಾರದ್ದೇ ಆದ, ಲಾಭದಲ್ಲಿದ್ದ ಗಣಿಯೊಂದು ನಾಗರಿಕರ ಅರ್ಜಿಯಿಂದ ಹೀಗೆ ಮುಚ್ಚಿದ್ದು ನಮ್ಮಲ್ಲಿ ಅಪರೂಪ.

ಈ ಗೆಲುವಿನಲ್ಲಿ ನಾನು ಮುಖ್ಯವೆಂದು ಭಾವಿಸುವ ಅಂಶವೊಂದಿದೆ. ನ್ಯಾಯಾಲಯದಲ್ಲಿ ನಿಂತದ್ದು ದಾಖಲೆಗಳು: ಗುತ್ತಿಗೆಯ ದಿನಾಂಕ, 1987ರ ಅಧಿಸೂಚನೆ, ಭದ್ರೆಯ ಹೂಳಿನ ಮಾಪನ, ಸಿಂಗಳೀಕದ ಸಮೀಕ್ಷೆ. ಪ್ರಾಥಮಿಕ ಅಧಿಸೂಚನೆ ಎಂಬ ಕಾಗದ ಇಲ್ಲದೆ ಹೋಗಿದ್ದರೆ ವಾದಕ್ಕೆ ಇಷ್ಟು ಬಲ ಸಿಗುತ್ತಿತ್ತೇ ಎಂಬುದು ಅನುಮಾನ. ಹಾಗಾಗಿ, ಅರೆಬರೆಯಾಗಿದ್ದರೂ ಆ ಮೊದಲ ಅಧಿಸೂಚನೆಯನ್ನು ತರಿಸಿಕೊಂಡವರ ದೂರದೃಷ್ಟಿಯನ್ನು ಕಡೆಗಣಿಸಬಾರದು. 2024ರ ಫೆಬ್ರುವರಿಯಲ್ಲಿ ಚಿಣ್ಣಪ್ಪನವರು ತೀರಿಕೊಂಡಾಗ ಬಂದ ನೆನಪಿನ ಬರಹಗಳಲ್ಲಿ ನಾಗರಹೊಳೆಯ ಕಥೆಯೇ ಹೆಚ್ಚಾಗಿತ್ತು. ಅವರ ಹೆಸರಿನಲ್ಲಿರುವ ಈ ತೀರ್ಪು ಮಾತ್ರ ಇಂದಿಗೂ ದೇಶದ ಪರಿಸರ ಕಾನೂನಿನ ಪಾಠಗಳಲ್ಲಿ ಉಲ್ಲೇಖವಾಗುತ್ತಿದೆ.

ಕುದುರೆಮುಖಕ್ಕಿಂತ ಮೊದಲು ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಇದೇ ಸಿಂಗಳೀಕದ ಹೆಸರಿನಲ್ಲಿ ದೊಡ್ಡ ಆಂದೋಲನ ನಡೆದಿತ್ತು. ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟುವ ವಿದ್ಯುತ್ ಯೋಜನೆಯ ವಿರುದ್ಧ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಅಂಕಿಅಂಶಗಳೊಂದಿಗೆ ಹಳ್ಳಿ ಹಳ್ಳಿಗೆ ಹೋಯಿತು. ಕವಿಗಳು, ಅಧ್ಯಾಪಕರು, ವಿಜ್ಞಾನಿಗಳು ಜೊತೆಗೂಡಿದರು. ಯೋಜನೆ ಕೈಬಿಟ್ಟು 1984ರಲ್ಲಿ 89.52 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವನವೆಂದು ಘೋಷಿಸಲಾಯಿತು, ಮರುವರ್ಷ ಪ್ರಧಾನಿ ರಾಜೀವ್ ಗಾಂಧಿ ಅದನ್ನು ಉದ್ಘಾಟಿಸಿದರು. ಬೆಟ್ಟದ ಉದ್ಯಾನವನಕ್ಕಾಗಿ ಹೋರಾಡುವವರೆಲ್ಲ ಈ ಉದಾಹರಣೆಯನ್ನು ಕೊಡುತ್ತಾರೆ. ಕೊಡುವುದು ಸರಿಯೇ, ಆದರೆ ಒಂದು ವಿಷಯ ಮರೆಯಾಗುತ್ತದೆ. ಆ ಕಣಿವೆಯ ಒಡಲಿನಲ್ಲಿ ಜನವಸತಿ ಇರಲಿಲ್ಲ. ಅಲ್ಲಿ ಎದುರಾಳಿಯಾಗಿ ಇದ್ದದ್ದು ವಿದ್ಯುತ್ ಮಂಡಳಿ. ನಮ್ಮ ಮಲೆನಾಡು ಹಾಗಲ್ಲ. ಇಲ್ಲಿ ಪ್ರತಿ ಕಣಿವೆಯ ತಳದಲ್ಲೂ ಒಂದು ಗದ್ದೆ, ಅದರ ಅಂಚಿಗೆ ಅಡಿಕೆ ತೋಟ, ತೋಟದ ಮೇಲೊಂದು ಮನೆ, ಮನೆಯ ಹಿಂದಿನ ಗುಡ್ಡದಲ್ಲೊಂದು ಭೂತದ ಕಲ್ಲು ಇರುತ್ತದೆ. ಸೈಲೆಂಟ್ ವ್ಯಾಲಿಯ ಮಾದರಿಯನ್ನು ಇಲ್ಲಿಗೆ ಹಾಗೆಯೇ ತಂದರೆ ಮೊದಲು ಎದುರಾಗುವುದು ಕಂಪನಿಯಲ್ಲ, ಆ ಮನೆ.

ಕುದುರೆಮುಖದಲ್ಲಿ ಹಾಗೆಯೇ ಆಯಿತು. ತುಂಗೆಯ ಮೂಲ ಉಳಿಯಲಿ ಎಂದು ಗಣಿಯನ್ನು ವಿರೋಧಿಸಿದ್ದ ಶೃಂಗೇರಿ, ಕೊಪ್ಪ ಕಡೆಯ ಹಲವರು ಉದ್ಯಾನವನವನ್ನೂ ಅಷ್ಟೇ ಗಟ್ಟಿಯಾಗಿ ವಿರೋಧಿಸಿದರು. ಹೊರಗಿನಿಂದ ನೋಡುವವರಿಗೆ ಇದು ವಿರೋಧಾಭಾಸವೆನ್ನಿಸಬಹುದು. ಅವರ ಜಾಗದಲ್ಲಿ ನಿಂತು ನೋಡಿದರೆ ಎರಡೂ ಒಂದೇ ನಿಲುವು: ಗಣಿಯೂ ನಮ್ಮನ್ನು ಕೇಳದೆ ಬಂತು, ಉದ್ಯಾನವನವೂ ನಮ್ಮನ್ನು ಕೇಳದೆ ಬಂತು. ಒಕ್ಕಲೆಬ್ಬಿಸುತ್ತಾರೆಂಬ ಭಯ ಹಬ್ಬಿದ ಈ ಹಳ್ಳಿಗಳಲ್ಲಿ ನಕ್ಸಲ್ ಚಳವಳಿ ಬೇರೂರಿತು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. ಅಲ್ಲಿಂದ ಎರಡು ದಶಕಗಳ ಕಾಲ ಈ ಕಾಡು ರಕ್ತ ಕಂಡಿದೆ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಮುಂದೆ ಶರಣಾದರು. ಅವರಲ್ಲಿ ಮುಂಡಗಾರು, ಬಾಳೆಹೊಳೆ, ಕುತ್ಲೂರುಗಳಂಥ ಹಳ್ಳಿಗಳಿಂದ ಬಂದವರಿದ್ದರು. ಹಿಂಸೆಯ ಹಾದಿಗೆ ಸಮರ್ಥನೆ ಇಲ್ಲ. ಆದರೆ ಹಕ್ಕಿನ ಇತ್ಯರ್ಥವನ್ನು ಹದಿನಾಲ್ಕು ವರ್ಷ ನೇತುಹಾಕಿದರೆ ಆ ಖಾಲಿ ಜಾಗಕ್ಕೆ ಯಾರಾದರೂ ಬಂದೇ ಬರುತ್ತಾರೆ ಎಂಬುದನ್ನು ಇಲ್ಲಿನ ಇತಿಹಾಸ ತೋರಿಸಿದೆ.

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ರಾಷ್ಟ್ರೀಯ ಉದ್ಯಾನವನದ ಒಳಗೂ ಅರಣ್ಯವಾಸಿಗಳ ಹಕ್ಕನ್ನು ಗುರುತಿಸಬೇಕು, ಹಕ್ಕು ಗುರುತಿಸದೆ, ಗ್ರಾಮಸಭೆಯ ಒಪ್ಪಿಗೆ ಪಡೆಯದೆ ಯಾರನ್ನೂ ಹೊರಗೆ ಕಳಿಸುವಂತಿಲ್ಲ ಎಂದು ಅದು ಹೇಳುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ಮಲೆಕುಡಿಯರಿಗೆ ಇದರಿಂದ ಒಂದು ಆಸರೆ ಸಿಕ್ಕಿತು. ಅದೇ ಕಾಡಿನಲ್ಲಿರುವ ಗೌಡರು ಮತ್ತಿತರರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ದಾಖಲೆ ಸಮೇತ ತೋರಿಸಬೇಕಾಯಿತು. ಅಜ್ಜನ ಕಾಲದ ಗೇಣಿ ಚೀಟಿ, ತೆರಿಗೆ ರಸೀದಿಗಳನ್ನು ಘಟ್ಟದ ಮಳೆಯಲ್ಲಿ ಗೆದ್ದಲು ಹತ್ತದಂತೆ ಯಾರು ಕಾಪಿಟ್ಟಿರುತ್ತಾರೆ?

ಹೊರಹೋಗಲು ಮನಸ್ಸಿರುವವರೂ ಇದ್ದಾರೆ. ಮಕ್ಕಳ ಶಾಲೆ, ಹೆರಿಗೆಯ ಹೊತ್ತಿನ ಆಸ್ಪತ್ರೆ, ಕಾಡುಕೋಣ ಹಾಳುಮಾಡುವ ಬೆಳೆ, ಇವೆಲ್ಲವನ್ನೂ ಲೆಕ್ಕ ಹಾಕಿ ಸ್ವಯಂ ಪುನರ್ವಸತಿಗೆ ಅರ್ಜಿ ಕೊಟ್ಟ ಕುಟುಂಬಗಳಿಗೆ ಹಣ ಕಂತುಗಳಲ್ಲಿ ಬರುತ್ತದೆ, ನಡುವೆ ನಿಲ್ಲುತ್ತದೆ. ಹುಲಿ ಮೀಸಲು ಪ್ರದೇಶದೊಳಗಿನ ಕುಟುಂಬವೊಂದು ಸ್ವಇಚ್ಛೆಯಿಂದ ಹೊರಬಂದರೆ ಕೇಂದ್ರದ ಯೋಜನೆಯಡಿ ಮೊದಲು 10 ಲಕ್ಷ, 2021ರಿಂದ 15 ಲಕ್ಷ ರೂಪಾಯಿ ನಿಗದಿಯಾಗಿದೆ. ಕುದುರೆಮುಖವನ್ನು ಹುಲಿ ಮೀಸಲು ಪ್ರದೇಶ ಮಾಡಲು ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟು ಬಹಳ ವರ್ಷವಾದರೂ ಸ್ಥಳೀಯ ವಿರೋಧವನ್ನು ಮುಂದಿಟ್ಟು ರಾಜ್ಯ ಅದನ್ನು ಒಪ್ಪಿಲ್ಲ. ಇದರ ಪರಿಣಾಮವಾಗಿ ಆ ನಿಧಿಯ ಬಾಗಿಲೂ ತೆರೆಯಲಿಲ್ಲ. ಇದಕ್ಕೆ ಪಕ್ಕದಲ್ಲೇ ಬೇರೆ ಉದಾಹರಣೆ ಇದೆ. ಭದ್ರಾ ಅಭಯಾರಣ್ಯದ ಹದಿಮೂರು ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2001–02ರ ಹೊತ್ತಿಗೆ ಹೊರಬಂದು ಎಂ.ಸಿ. ಹಳ್ಳಿ ಮುಂತಾದ ಕಡೆ ನೆಲೆಸಿದವು. ಅಲ್ಲಿ ಹಣದ ಜೊತೆಗೆ ನೀರಾವರಿ ಜಮೀನು ಸಿಕ್ಕಿತ್ತು. ಅಧಿಕಾರಿಗಳು, ಸಂರಕ್ಷಣಾ ಕಾರ್ಯಕರ್ತರು ಮತ್ತು ಊರಿನವರು ವರ್ಷಗಟ್ಟಲೆ ಒಟ್ಟಿಗೆ ಕುಳಿತು ಮಾತಾಡಿದ್ದರು. ದೇಶದ ಯಶಸ್ವಿ ಪುನರ್ವಸತಿಗಳ ಪಟ್ಟಿಯಲ್ಲಿ ಭದ್ರಾ ಇಂದಿಗೂ ಮೊದಲ ಸಾಲಿನಲ್ಲಿದೆ. ಅಲ್ಲಿ ಆದದ್ದು ಕುದುರೆಮುಖದಲ್ಲಿ ಆಗಬಾರದೆಂದೇನೂ ಇರಲಿಲ್ಲ.

ಅಧಿಸೂಚನೆ ಸಿಕ್ಕಮಾತ್ರಕ್ಕೆ ಕಾಡು ಶಾಶ್ವತವಾಗಿ ಉಳಿಯಿತು ಎಂದೂ ತಿಳಿಯಬಾರದು. ಸರ್ಕಾರ 2019ರಲ್ಲಿ ಶರಾವತಿ ಕಣಿವೆಯ ಸುಮಾರು 930 ಚದರ ಕಿಲೋಮೀಟರ್ ಪ್ರದೇಶವನ್ನು ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಿತು. ಅದೇ ಅಭಯಾರಣ್ಯದಲ್ಲಿ ಈಗ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ (ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ ಮತ್ತೆ ಹರಿಸಿ ವಿದ್ಯುತ್ ಪಡೆಯುವ) ಯೋಜನೆಗೆ ಸರ್ಕಾರದ್ದೇ ವಿದ್ಯುತ್ ನಿಗಮ ಹೊರಟಿದೆ, 2025ರ ಅಹವಾಲು ಸಭೆಗಳಲ್ಲಿ ಸಾಗರ, ಹೊನ್ನಾವರ ಕಡೆಯ ಜನ ಅದನ್ನು ಒಕ್ಕೊರಲಿನಿಂದ ವಿರೋಧಿಸಿದರು. ಕುದುರೆಮುಖದಿಂದ ಹೊರಬಿದ್ದ ಕಂಪನಿ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿಗೆ ಮುಂದಾದಾಗ, ಸುಮಾರು 99 ಸಾವಿರ ಮರಗಳ ಪ್ರಶ್ನೆ ಎದ್ದಿತು. ಕುದುರೆಮುಖದಲ್ಲಿ ಮಾಡಿದ ಹಾನಿಯ ಬಾಬ್ತು ಸಾವಿರ ಕೋಟಿ ರೂಪಾಯಿಗೂ ಮೀರಿದ ಬಾಕಿ ಕಟ್ಟದೆ ಅರಣ್ಯಭೂಮಿ ಹಸ್ತಾಂತರಿಸಬೇಡಿ ಎಂದು 2024ರಲ್ಲಿ ರಾಜ್ಯದ ಅರಣ್ಯ ಸಚಿವರು ಸೂಚಿಸಿದರು. ಶರಾವತಿಯಲ್ಲಿ ಕಾಡನ್ನು ಕಾಯಲು ನಿಂತಿರುವವರು ಕಣಿವೆಯ ಹಳ್ಳಿಗಳ ಜನ ಎಂಬುದನ್ನು ಗಮನಿಸಬೇಕು. ಊರಿನವರು ಒಳಗಿದ್ದಾರೆ ಎಂಬ ಕಾರಣಕ್ಕೇ ಅಲ್ಲಿ ಪ್ರತಿರೋಧ ಬೆಳೆದಿದೆ.

ಕಾಯ್ದೆಯಲ್ಲೂ ಇದಕ್ಕೆ ಹೊಂದುವ ದಾರಿಗಳಿವೆ. 2002ರ ತಿದ್ದುಪಡಿ ಸಂರಕ್ಷಣಾ ಮೀಸಲು ಮತ್ತು ಸಮುದಾಯ ಮೀಸಲು ಎಂಬ ಎರಡು ಹೊಸ ಬಗೆಗಳನ್ನು ತಂದಿತು. ಸಂರಕ್ಷಣಾ ಮೀಸಲು ಘೋಷಿಸುವ ಮೊದಲು ಸ್ಥಳೀಯ ಸಮುದಾಯದೊಂದಿಗೆ ಸಮಾಲೋಚನೆ ಕಡ್ಡಾಯ, ಒಳಗಿರುವವರ ಹಕ್ಕುಗಳಿಗೆ ಧಕ್ಕೆ ಇಲ್ಲ. ಉತ್ತರ ಕನ್ನಡದ ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗಾಗಿ 2011ರಲ್ಲಿ ಆದದ್ದು ಇಂಥದ್ದೇ ಮೀಸಲು. ಅದನ್ನು ಮುಂದೆ ಶರಾವತಿ ಅಭಯಾರಣ್ಯದಲ್ಲಿ ಸೇರಿಸಿಕೊಳ್ಳಲಾಯಿತು. ಬೆಟ್ಟದ ನೆತ್ತಿಯ ಶೋಲಾ ಮತ್ತು ಹುಲ್ಲುಗಾವಲಿಗೆ ರಾಷ್ಟ್ರೀಯ ಉದ್ಯಾನವನದ ಬಿಗಿ, ಕಣಿವೆಯ ಹಳ್ಳಿಗಳಿಗೆ ಸಂರಕ್ಷಣಾ ಮೀಸಲಿನ ಸಡಿಲ ಎಂಬ ನಕ್ಷೆಯನ್ನು ನಾಗರಿಕರೇ ಸಿದ್ಧಪಡಿಸಿ ಮುಂದಿಡಬಹುದು. ಅಂಥ ನಕ್ಷೆಗೆ ಸರ್ವೆ ನಂಬರುಗಳು ಬೇಕು, ಕೃಷಿಕರು ಸೊಪ್ಪು, ಸೌದೆಗೆ ಬಳಸುವ ಕುಮ್ಕಿ, ಬಾಣೆ, ಸೊಪ್ಪಿನಬೆಟ್ಟಗಳ ವಿವರ ಬೇಕು, ಯಾವ ಮನೆಯವರು ಯಾವ ಹೊಳೆಯ ನೀರನ್ನು ತೋಟಕ್ಕೆ ತಿರುಗಿಸಿಕೊಂಡಿದ್ದಾರೆ ಎಂಬುದೂ ಬೇಕು. ಈ ಮಾಹಿತಿ ಬೆಂಗಳೂರಿನಲ್ಲಿ ಕುಳಿತವರಿಗೆ ಸಿಗುವುದಿಲ್ಲ, ಕಳಸದಲ್ಲೋ ಸಂಸೆಯಲ್ಲೋ ಕೆರೆಕಟ್ಟೆಯಲ್ಲೋ ಮನೆ ಜಗುಲಿಯ ಮೇಲೆ ಕುಳಿತರೆ ಮಾತ್ರ ಸಿಗುತ್ತದೆ.

ಕುದುರೆಮುಖದ ಮಟ್ಟಿಗೆ ಇನ್ನೂ ಉಳಿದಿರುವ ಕೆಲಸವನ್ನು ಹೆಸರಿಟ್ಟು ಹೇಳಬಹುದು. ಉದ್ಯಾನವನದ ಗಡಿಯೊಳಗೆ ಇಂದು ಯಾವ ಹಳ್ಳಿಯಲ್ಲಿ ಎಷ್ಟು ಕುಟುಂಬಗಳಿವೆ, ಅರಣ್ಯ ಹಕ್ಕು ಕಾಯ್ದೆಯಡಿ ಯಾರ ಅರ್ಜಿ ಯಾವ ಕಾರಣಕ್ಕೆ ತಿರಸ್ಕೃತವಾಗಿದೆ, ಸ್ವಯಂ ಪುನರ್ವಸತಿಗೆ ಒಪ್ಪಿದವರಲ್ಲಿ ಯಾರಿಗೆ ಎಷ್ಟು ಬಾಕಿ ಇದೆ ಎಂಬ ಊರುವಾರು ಪಟ್ಟಿಯನ್ನು ಸರ್ಕಾರ ಕನ್ನಡದಲ್ಲಿ ಪ್ರಕಟಿಸಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಲಖ್ಯಾ ಅಣೆಕಟ್ಟಿನ ಹಿಂದೆ ನಿಂತಿರುವ ಕೆಸರಿನ ಸುರಕ್ಷತಾ ವರದಿಯೂ ಅದರ ಪಕ್ಕದಲ್ಲಿರಬೇಕು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದಾಗಿ ಸೇರಿದ ಈ ಉದ್ಯಾನವನದ ಬಗ್ಗೆ ಮನವಿ ಬರೆಯುವ ಸಂರಕ್ಷಣಾ ಸಂಘಗಳು, ಸಿಂಗಳೀಕದ ಜೊತೆಗೆ ಈ ಪಟ್ಟಿಯನ್ನೂ ತಮ್ಮ ಮೊದಲ ಬೇಡಿಕೆಯಾಗಿ ಬರೆದು, ಅದಕ್ಕೆ ಕುತ್ಲೂರಿನ, ಮುಂಡಗಾರಿನ ಮನೆಗಳವರ ಸಹಿ ಪಡೆದು ಮುಖ್ಯಮಂತ್ರಿಯವರ ಕಚೇರಿಗೆ ಒಯ್ಯಲಿ.